ಸಂಕಟಕ್ಕೊಂದು ಸಭೆ

(ಉಡುಪಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಭಾಷೆ ಮತ್ತು ಬದುಕಿನ ಸಂಬಂಧದ ಬಗ್ಗೆ ಮಾತಾಡಬೇಕೆಂದು ನೀವು ಹೇಳಿದಿರಿ. ನಾನು ಒಂದು ಇಂಗ್ಲಿಷ್ ಕ್ರಿಯಾಪದವನ್ನು ಹಿಡಿದುಕೊಂಡು ಬಂದಿದ್ದೇನೆ: ‘ಆ್ಯಗನೈಸ್’. ಮನಸ್ಸಿನೊಳಗೆ ತೊಳಲಾಡುವುದು, ನಿರ್ಧಾರಕ್ಕೆ ಬರಲಾಗದೆ ಒದ್ದಾಡುವುದು, ನೋವಿನಲ್ಲಿ ನರಳುವುದು ಎಂದು ಇಂದಿನ ನಿಘಂಟುಗಳು ಅದಕ್ಕೆ ಅರ್ಥ ಕೊಡುತ್ತವೆ. ಉಡುಪಿಯಲ್ಲಿ ನಿಂತು ಈ ಪದದ ಚರಿತ್ರೆಯನ್ನು ಯಾಕೆ ಹೇಳಬೇಕು ಎಂದು ನಿಮಗೆ ಅನಿಸಬಹುದು. ಈ ಪದ ಎರಡೂವರೆ ಸಾವಿರ ವರ್ಷಗಳ ಹಿಂದೆ ಯಾವ ಜಾಗದಲ್ಲಿ ಹುಟ್ಟಿತೋ ಅಂಥದೇ ಜಾಗಗಳು ಕಾರ್ಕಳದ ನಂದಳಿಕೆಯಲ್ಲಿ, ಕಾಪು ಬಳಿಯ ಪಾಂಗಾಳದಲ್ಲಿ, ನಮ್ಮ ಹಿರಿಯಡ್ಕದಲ್ಲಿ ಇಂದಿಗೂ ಇವೆ. ಮನಸ್ಸಿನ ಸಂಕಟವನ್ನು ನಾವು ಹೇಗೆ ಆಡುತ್ತೇವೆ, ಯಾರೆದುರು ಆಡುತ್ತೇವೆ, ಕೇಳುವವರು ಹೇಗೆ ಕೇಳುತ್ತಾರೆ ಎಂಬುದು ಬರಿಯ ನಿಘಂಟಿನ ವಿಚಾರವಲ್ಲ. ಅದು ನಮ್ಮ ಮನೆಗಳ ಆರೋಗ್ಯದ ವಿಚಾರ.

ಒಂದು: ಪದದ ಹುಟ್ಟು

ಗ್ರೀಕ್ ಭಾಷೆಯಲ್ಲಿ ‘ಅಗೋನ್’ ಎಂಬ ಪದವಿದೆ. ಅದರ ಹಳೆಯ ಅರ್ಥ ಜನ ಸೇರುವುದು, ಕೂಟ, ಸಭೆ. ಕ್ರೀಡೆ ನೋಡಲು ಜನ ಸೇರುತ್ತಿದ್ದುದರಿಂದ ಆ ಕೂಟದಲ್ಲಿ ನಡೆಯುವ ಸ್ಪರ್ಧೆಗೂ ಅದೇ ಹೆಸರು ಬಂತು. ಓಟ, ಕುಸ್ತಿ, ರಥದೋಟಗಳಷ್ಟೇ ಅಲ್ಲ, ನಾಟಕಗಳ ನಡುವಿನ ಪೈಪೋಟಿ, ನ್ಯಾಯಾಲಯದ ವಾದ ಎಲ್ಲವೂ ಅಗೋನ್. ಹೀಗೆ ಸೆಣಸುವುದಕ್ಕೆ ‘ಅಗೋನಿಜೆಸ್ಥಾಯ್’ ಎಂಬ ಕ್ರಿಯಾಪದವಿತ್ತು. ಸೆಣಸಾಟಕ್ಕೆ, ಅದರ ಜತೆಗೆ ಬರುವ ಎದೆಗುದಿಗೆ ‘ಅಗೋನಿಯಾ’ ಎನ್ನುತ್ತಿದ್ದರು. ನಾಟಕದ ಮುಖ್ಯ ಪಾತ್ರಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಪ್ರೊಟಾಗನಿಸ್ಟ್’, ಎದುರಾಳಿಗೆ ಹೇಳುವ ‘ಆ್ಯಂಟಾಗನಿಸ್ಟ್’ ಎರಡೂ ಇದೇ ಬೇರಿನ ಚಿಗುರುಗಳು.

ಹೊರಗಿನ ಅಖಾಡದ ಪದ ಒಳಮನಸ್ಸಿಗೆ ಇಳಿದ ಬಗೆಯನ್ನು ನೋಡಬೇಕಾದರೆ ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ತೆರೆಯಬೇಕು. ಅಲ್ಲಿ ಪೌಲನ ಪತ್ರಗಳಲ್ಲಿ ಈ ಪದ ಇನ್ನೂ ಕ್ರೀಡಾಂಗಣದ್ದು: ಸೆಣಸುವವನು, ಬಹುಮಾನಕ್ಕಾಗಿ ಸಂಯಮದಿಂದ ಇರುವವನು, ಹೋರಾಟವನ್ನು ಮುಗಿಸಿದವನು. ಲೂಕನ ಸುವಾರ್ತೆಯ 22ನೆಯ ಅಧ್ಯಾಯಕ್ಕೆ ಬಂದರೆ ಅದೇ ಕುಲದ ‘ಅಗೋನಿಯಾ’ ಯೇಸು ಬಂಧನದ ರಾತ್ರಿ, ಸೆರೆಯಾಗುವ ಮುಂಚೆ, ಒಬ್ಬನೇ ಪ್ರಾರ್ಥಿಸುತ್ತಾ ಅನುಭವಿಸಿದ ಸಂಕಟದ ಹೆಸರಾಗಿದೆ. ಸುತ್ತ ಜನವಿಲ್ಲ, ಶಿಷ್ಯರು ನಿದ್ದೆಹೋಗಿದ್ದಾರೆ. ಸಭೆ ಇಲ್ಲವಾಗಿದೆ, ಸೆಣಸಾಟ ಮಾತ್ರ ಉಳಿದಿದೆ. ಲ್ಯಾಟಿನ್, ಫ್ರೆಂಚ್ ದಾಟಿ 14ನೆಯ ಶತಮಾನದ ಕೊನೆಗೆ ‘ಆ್ಯಗನಿ’ ಇಂಗ್ಲಿಷಿಗೆ ಬಂದಾಗ ಅದು ಹೊತ್ತು ತಂದದ್ದು ಈ ಒಂಟಿ ರಾತ್ರಿಯ ಅರ್ಥವನ್ನೇ. ಎರಡು ಶತಮಾನಗಳ ಬಳಿಕ, 16ನೆಯ ಶತಮಾನದ ಕೊನೆಯ ಹೊತ್ತಿಗೆ, ಕ್ರಿಯಾಪದವೂ ಬಳಕೆಗೆ ಬಂತು. ಫ್ರೆಂಚರ ‘ಅಗೊನಿಜೆ’ ಎಂಬುದಕ್ಕೆ ಇಂದು ಕೊನೆಯುಸಿರಿನ ಸ್ಥಿತಿಯಲ್ಲಿರುವುದು ಎಂಬ ಅರ್ಥ. ಜನಜಂಗುಳಿಯ ಮಧ್ಯೆ ಹುಟ್ಟಿದ ಪದ ಕೊನೆಗೆ ಮಂಚದ ಮೇಲೆ ಒಬ್ಬರೇ ಮಲಗಿದವರ ಪದವಾಯಿತು.

ಈ ಬೇರು ನಮಗೂ ಪರಕೀಯವಲ್ಲ. ಅಗೋನ್ ಹುಟ್ಟಿದ್ದು ಅಟ್ಟು, ನಡೆಸು, ಓಡಿಸು ಎಂಬ ಅರ್ಥದ ಧಾತುವಿನಿಂದ. ಅದರ ಸಂಸ್ಕೃತದ ಜೋಡಿ ‘ಅಜ್’. ಅದರಿಂದಲೇ ವೇದದ ‘ಆಜಿ’ ಬಂದಿದೆ. ಓಟದ ಪಂದ್ಯ ಎಂಬುದು ಅದರ ಒಂದು ಅರ್ಥ, ಕಾಳಗ ಎಂಬುದು ಇನ್ನೊಂದು. ಹಳಗನ್ನಡ ಕಾವ್ಯ ಓದಿದವರಿಗೆ ‘ಆಜಿ’ ಯುದ್ಧದ ಪದವಾಗಿ ಪರಿಚಿತ, ‘ಆಜಿರಂಗ’ವೂ ಪರಿಚಿತ. ಕಾರ್ಕಳದ ಮಿಯ್ಯಾರಿನಲ್ಲೋ ಕಟಪಾಡಿಯಲ್ಲೋ ಕಂಬಳದ ಕರೆಯ ಬದಿಗೆ ನಿಂತು, ಕೋಣಗಳ ಹಿಂದೆ ಕೆಸರು ಚಿಮ್ಮಿಸಿಕೊಂಡು ಓಡುವವನನ್ನೂ ಎರಡೂ ದಂಡೆಯಲ್ಲಿ ಕೂಗುವ ಜನರನ್ನೂ ನೋಡಿದರೆ ಅಗೋನ್ ಎಂದರೇನೆಂದು ಬೇರೆ ವ್ಯಾಖ್ಯಾನ ಬೇಡ. ಅಟ್ಟುವವನಿದ್ದಾನೆ, ಓಟವಿದೆ, ಸೇರಿದ ಜನವಿದೆ. ಇಂದಿನ ಇಂಗ್ಲಿಷ್ ಪದದಲ್ಲಿ ಮೂರನೆಯದು ಕಳೆದುಹೋಗಿದೆ.

ಎರಡು: ಇಕ್ಕಟ್ಟು ಮತ್ತು ಆಟ

ಮನಸ್ಸಿನ ನೋವಿಗೆ ಮನುಷ್ಯರು ಮೊದಲು ಮೈಯ ಭಾಷೆಯನ್ನೇ ಎರವಲು ತಂದಿದ್ದಾರೆ. ಇಂಗ್ಲಿಷಿನ ‘ಆ್ಯಂಗ್ವಿಶ್’ ಲ್ಯಾಟಿನ್ನಿನಲ್ಲಿ ಇಕ್ಕಟ್ಟು ಎಂಬ ಅರ್ಥದ ಪದದಿಂದ ಬಂದದ್ದು. ‘ವರಿ’ ಎಂಬ ಸಣ್ಣ ಪದ ಹಳೆಯ ಇಂಗ್ಲಿಷಿನಲ್ಲಿ ಕತ್ತು ಹಿಸುಕುವುದನ್ನು ಹೇಳುತ್ತಿತ್ತು. ನಮ್ಮ ‘ಸಂಕಟ’ಕ್ಕೂ ಸಂಸ್ಕೃತದಲ್ಲಿ ಇಕ್ಕಟ್ಟಾದದ್ದು, ಕಿರಿದಾದದ್ದು ಎಂಬುದೇ ಮೊದಲರ್ಥ. ಉಸಿರಾಡಲು ಜಾಗವಿಲ್ಲದಂತಾಗುವ ಅನುಭವ ರೋಮಿನಲ್ಲೂ ಇಲ್ಲೂ ಒಂದೇ. ತುಳುವರು ‘ಸಂಕಟ’ವನ್ನು ‘ಸಂಕಡ’ ಮಾಡಿಕೊಂಡರು.

ಕನ್ನಡದ ಸ್ವಂತ ಪದಗಳಲ್ಲಿ ಬೆಂಕಿಯೂ ನೀರೂ ಹೆಚ್ಚು. ಬೇಯುವುದೂ ಕುದಿಯುವುದೂ ಕೂಡಿದ ‘ಬೇಗುದಿ’, ಒಳಗೆ ಉರಿಯುವ ‘ಬೇಗೆ’, ನೆಲೆ ನಿಲ್ಲದ ‘ತಳಮಳ’, ಅಲೆಯ ಮೇಲಿನ ದೋಣಿಗೂ ಮನಸ್ಸಿಗೂ ಸಮನಾಗಿ ಹೊಂದುವ ‘ಹೊಯ್ದಾಟ’. ಕರಾವಳಿಯ ದಿನಬಳಕೆಯಲ್ಲಿ ಈ ಕಾವು ಇನ್ನೂ ನೇರ. ಚಿಂತೆಗೆ ನಾವು ‘ಮಂಡೆಬೆಚ್ಚ’ ಎನ್ನುತ್ತೇವೆ. ಬಸ್ ತಪ್ಪಿದವರಿಗೂ ಮಗಳ ಮದುವೆ ಮುರಿದವರಿಗೂ ನಮ್ಮ ಸಮಾಧಾನ ಒಂದೇ: ಮಂಡೆಬೆಚ್ಚ ಮಾಡ್ಬೇಡಿ ಮಾರಾಯ್ರೆ. ತುಳುವಿನಲ್ಲಾದರೆ ‘ಮಂಡೆಬೆಚ್ಚ ಮಲ್ಪೊಡ್ಚಿ’. ಈ ಮಾತಿನಲ್ಲಿ ಪ್ರೀತಿಯಿದೆ. ಆದರೆ ಎದುರಿನವರು ಬಾಯಿ ತೆರೆಯುವ ಮೊದಲೇ ಅದನ್ನು ಮುಚ್ಚಿಸುವ ಗುಣವೂ ಅದಕ್ಕಿದೆ. ಇದಕ್ಕೆ ಮತ್ತೆ ಬರುತ್ತೇನೆ.

ಈ ಪದಗಳ ರಚನೆಯಲ್ಲೇ ಒಂದು ದೊಡ್ಡ ಸಂಗತಿ ಅಡಗಿದೆ. ತೊಳಲಾಡು, ಒದ್ದಾಡು, ನರಳಾಡು, ಗೋಳಾಡು, ಪೇಚಾಡು, ಹೋರಾಡು: ಸಂಕಟದ ಹಲವು ಕ್ರಿಯಾಪದಗಳಿಗೆ ಕನ್ನಡ ‘ಆಡು’ ಎಂಬುದನ್ನು ಜೋಡಿಸುತ್ತದೆ. ಅದೇ ‘ಆಡು’ ಆಟದಲ್ಲಿದೆ, ಮಾತಾಡುವುದರಲ್ಲೂ ಇದೆ. ಅಲುಗಾಟ, ಕ್ರೀಡೆ, ಮಾತು ಮೂರಕ್ಕೂ ಒಂದೇ ಧಾತು. ಕರಾವಳಿಯ ನಮಗೆ ‘ಆಟ’ ಎಂದರೆ ಮೊದಲು ನೆನಪಾಗುವುದು ಯಕ್ಷಗಾನ. ಎರಡು ಮೇಳಗಳು ಒಂದೇ ಬಯಲಿನಲ್ಲಿ, ಅಕ್ಕಪಕ್ಕದ ರಂಗಸ್ಥಳಗಳಲ್ಲಿ, ಬೆಳಗಿನವರೆಗೆ ಪಂಥಕ್ಕೆ ಬಿದ್ದು ಕುಣಿಯುವ ಜೋಡಾಟ ಗ್ರೀಕರ ನಾಟಕಸ್ಪರ್ಧೆಗೆ ಎಷ್ಟು ಹತ್ತಿರ! ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಕರ್ಣನ ಅರ್ಥ ಹೇಳುವವರು ಕುಳಿತಲ್ಲೇ ಅವನ ಸಂಕಟವನ್ನೆಲ್ಲ ವಾದವಾಗಿ ಕಟ್ಟುತ್ತಾರೆ. ಎದುರಿನ ಕೃಷ್ಣ ಬಿಡುವುದಿಲ್ಲ, ಕೇಳುವವರು ಏಳುವುದಿಲ್ಲ. ಕರ್ಣನ ಒಳಗಿನ ಬೇಗುದಿ ನೂರು ಜನರ ಎದುರು ಮಾತಾಗಿ ಇಳಿಯುತ್ತದೆ. ಇಂಗ್ಲಿಷ್ ಪದ ತನ್ನ ಸಭೆಯನ್ನು ಕಳೆದುಕೊಂಡಿತು. ನಮ್ಮ ಕರಾವಳಿ ಸಂಕಟಕ್ಕೆ ಸಭೆಯನ್ನು ಉಳಿಸಿಕೊಂಡಿತು. ಇಂದಿನ ನನ್ನ ಮಾತಿನ ಸಾರ ಇದು.

ಮೂರು: ಸಿರಿಯ ಆಲಡೆಯಲ್ಲಿ

ಕರ್ಣನಿಗೆ ಅರ್ಥ ಹೇಳಲು ಬಲ್ಲವರಿದ್ದಾರೆ. ಹೆಸರಿಲ್ಲದ ಹೆಂಗಸಿನ ಸಂಕಟಕ್ಕೆ ಯಾರಿದ್ದಾರೆ? ಈ ಪ್ರಶ್ನೆಗೆ ತುಳುನಾಡು ಕೊಟ್ಟ ಉತ್ತರ ಸಿರಿ.

ಸಿರಿಯ ಪಾಡ್ದನ ತುಳುವಿನ ಅತಿ ದೊಡ್ಡ ಮೌಖಿಕ ಕಾವ್ಯ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಅನ್ನೇಲಿ ಹೊಂಕೊ ಅವರೊಂದಿಗೆ 1990ರಲ್ಲಿ ಗೋಪಾಲ ನಾಯ್ಕರಿಂದ ಇದನ್ನು ದಾಖಲಿಸಿಕೊಂಡರು. 1998ರಲ್ಲಿ ಅಚ್ಚಾದ ಆ ಪಠ್ಯದಲ್ಲಿ 15,683 ಸಾಲುಗಳಿವೆ. ಆ ಹೊತ್ತಿನ ಫಿನ್ನಿಶ್–ತುಳುನಾಡು ವಿದ್ವತ್ ಸಂಬಂಧಕ್ಕೆ ಉಡುಪಿಯಲ್ಲಿ ಬೆನ್ನೆಲುಬಾಗಿ ನಿಂತವರು ಕು. ಶಿ. ಹರಿದಾಸ ಭಟ್ಟರು. ಅವರ ಮುತುವರ್ಜಿಯಲ್ಲೇ ಎಂಜಿಎಂ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ತುಳು ನಿಘಂಟಿನ ಕೆಲಸ ಮೊದಲಾಗಿ, ಯು. ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳು ಹೊರಬಂದವು. ಅದಕ್ಕೆ ಸುಮಾರು ನೂರು ವರ್ಷ ಮೊದಲು, 1886ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ನಿನ ಮ್ಯಾನರ್ ತುಳು–ಇಂಗ್ಲಿಷ್ ನಿಘಂಟನ್ನು ಅಚ್ಚುಹಾಕಿಸಿದ್ದ. ನಿಘಂಟಿನ ಪುಟದಲ್ಲಿ ಪದಕ್ಕೆ ಅರ್ಥ ಸಿಗುತ್ತದೆ. ಪಾಡ್ದನದಲ್ಲಿ ಅದೇ ಪದ ಅಳುತ್ತದೆ.

ಕತೆ ಪಾಠದಿಂದ ಪಾಠಕ್ಕೆ ಸ್ವಲ್ಪ ಬದಲಾದರೂ ಬೆನ್ನೆಲುಬು ಒಂದೇ. ಸತ್ಯನಾಪುರದ ಬೆರ್ಮು ಆಳ್ವರ ಮನೆಯಲ್ಲಿ ದೈವಕೃಪೆಯಿಂದ ಹುಟ್ಟಿದ ಸಿರಿ ಬಸ್ರೂರಿನ ಕಾಂತು ಪೂಂಜನ ಕೈಹಿಡಿಯುತ್ತಾಳೆ. ಅವಳು ಬಸುರಿಯಾದಾಗ ಬಯಕೆಯ ದಿನಕ್ಕೆ ಗಂಡ ತಂದ ಸೀರೆ ಮೊದಲೇ ಸೂಳೆಯ ಮೈಮುಟ್ಟಿ ಬಂದದ್ದು. ಸಿರಿ ತುಂಬಿದ ನೆಂಟರ ಎದುರಿಗೆ ಆ ಸೀರೆಯನ್ನು ಒಲ್ಲೆ ಎನ್ನುತ್ತಾಳೆ. ಮಗ ಕುಮಾರ ಹುಟ್ಟಿದ ಮೇಲೆ ಗಂಡನ ಸಂಬಂಧವನ್ನು ತಾನೇ ಕಡಿದುಕೊಂಡು ಹೊರಡುತ್ತಾಳೆ, ಮುಂದೆ ಕೊಡ್ಸರ ಆಳ್ವನನ್ನು ಮದುವೆಯಾಗುತ್ತಾಳೆ. ಅವಳ ಮಗಳು ಸೊನ್ನೆ. ಸೊನ್ನೆಯ ಅವಳಿ ಮಕ್ಕಳು ಅಬ್ಬಗ, ದಾರಗ. ಅಕ್ಕತಂಗಿಯರು ಚೆನ್ನೆಯಾಟಕ್ಕೆ ಕುಳಿತು, ಸೋಲುಗೆಲುವಿನ ಜಗಳ ಏರಿ, ಒಬ್ಬಳು ಚೆನ್ನೆಮಣೆಯಿಂದ ಇನ್ನೊಬ್ಬಳ ತಲೆಗೆ ಹೊಡೆದುಬಿಡುತ್ತಾಳೆ. ಸತ್ತವಳನ್ನು ಕಂಡು ತಾನೂ ಬಾವಿಗೆ ಹಾರುತ್ತಾಳೆ. ಆಟವೇ ಸಾವಾಗುವ, ಸೆಣಸಾಟವೇ ಸಂಕಟವಾಗುವ ಈ ಕತೆಯನ್ನು ಗ್ರೀಕರು ಕೇಳಿದ್ದರೆ ತಮ್ಮದೇ ಎನ್ನುತ್ತಿದ್ದರು.

ಈ ಕತೆ ಹಾಡಾಗಿ ಮಾತ್ರ ಉಳಿದಿಲ್ಲ. ಬೆರ್ಮೆರ್, ನಾಗ, ಸಿರಿ–ಕುಮಾರರನ್ನು ಆರಾಧಿಸುವ ತಾಣಗಳಾದ ಆಲಡೆಗಳಲ್ಲಿ ಬೇಸಿಗೆಯ ಹುಣ್ಣಿಮೆಗಳ ರಾತ್ರಿ ಸಿರಿಜಾತ್ರೆ ನಡೆಯುತ್ತದೆ. ನಂದಳಿಕೆ, ಹಿರಿಯಡ್ಕ, ಪಾಂಗಾಳ, ಮೂಲ್ಕಿ ಕಡೆಯ ಕವತ್ತಾರು ಅವುಗಳಲ್ಲಿ ಹೆಸರಾದವು. ಬೇರೆ ಬೇರೆ ಜಾತಿಯ, ಬೇರೆ ಬೇರೆ ಊರಿನ ಹೆಂಗಸರು ಬಿಳಿ ಸೀರೆ ಉಟ್ಟು, ಕೈಯಲ್ಲಿ ಅಡಿಕೆಯ ಹಿಂಗಾರ ಹಿಡಿದು ಸಾಲಾಗಿ ಕೂರುತ್ತಾರೆ. ಜತೆಗೆ ಮನೆಯವರೂ ಬಂದಿರುತ್ತಾರೆ. ಕುಮಾರನ ದರ್ಶನ ಬರುವ ಪಾತ್ರಿ ಪಾಡ್ದನ ಎತ್ತುತ್ತಾನೆ. ಹಿಂಗಾರದ ಎಸಳು ಉದುರಲಾರಂಭಿಸುತ್ತದೆ, ಮುಡಿ ಬಿಚ್ಚುತ್ತದೆ, ಒಬ್ಬೊಬ್ಬರ ಮೈಯಲ್ಲಿ ಕಂಪನ. ಹಳಬರು ತಾನು ಸಿರಿ, ತಾನು ಸೊನ್ನೆ, ತಾನು ಅಬ್ಬಗ ಎಂದು ಪಾಡ್ದನದಲ್ಲೇ ದನಿಗೂಡಿಸುತ್ತಾರೆ.

ಹೊಸದಾಗಿ ಬಂದವಳ ಪಾಡು ಬೇರೆ. ಮನೆಯಲ್ಲಿ ಅವಳಿಗೆ ತಿಂಗಳುಗಟ್ಟಲೆ ಊಟ ಸೇರಿಲ್ಲ, ಮಾತು ನಿಂತಿದೆ, ಕಾರಣ ತಿಳಿಯದ ನೋವಿದೆ, ಗಂಡನ ಮನೆಗೆ ಹೊಂದಿಕೆಯಾಗಿಲ್ಲ. ಆಲಡೆಯಲ್ಲಿ ಮೊದಲು ಅವಳಿಂದ ಬರುವುದು ಅಳು, ನಡುಕ, ಹೂಂಕಾರ, ಮಾತಲ್ಲ. ಕುಮಾರ ಕೇಳುತ್ತಾನೆ: ನೀನು ಯಾರು? ಉತ್ತರವಿಲ್ಲ. ಮತ್ತೆ ಕೇಳುತ್ತಾನೆ. ಪಾಡ್ದನದಲ್ಲಿ ಅವಳಿಗೆ ದಾರಿ ತೋರಿಸುತ್ತಾನೆ, ಗದರುತ್ತಾನೆ, ಸಂತೈಸುತ್ತಾನೆ. ಸಾಲಿನ ಹಿರಿಯ ಹೆಂಗಸರು ಅವಳ ಪರವಾಗಿ ದನಿ ಸೇರಿಸುತ್ತಾರೆ. ರಾತ್ರಿ ಸರಿಯುತ್ತದೆ. ಕೆಲವರಿಗೆ ಒಂದು ರಾತ್ರಿ ಸಾಲುವುದಿಲ್ಲ, ಮುಂದಿನ ವರ್ಷ ಮತ್ತೆ ಬರಬೇಕು. ಯಾವಾಗಲೋ ಒಂದು ಹೊತ್ತಿನಲ್ಲಿ ಅವಳ ಬಾಯಿಂದ ಹೆಸರು ಹೊರಡುತ್ತದೆ. ಆಗ ಅವಳು ಮನೆಯ ‘ಸರಿಯಿಲ್ಲದ’ ಹೆಂಗಸಲ್ಲ. ಸೀರೆ ನಿರಾಕರಿಸಿದ ಸಿರಿಯ ಸಂತತಿ. ಅವಳಿಗೆ ಸಾಲಿನಲ್ಲಿ ಜಾಗವಿದೆ, ವರ್ಷಕ್ಕೊಮ್ಮೆ ಅವಳ ಮಾತಿಗೆ ಕಿವಿಗೊಡುವ ಸಭೆಯಿದೆ, ಕೈಮುಗಿದು ನಿಂತ ಗಂಡನ ಮನೆಯವರಿದ್ದಾರೆ.

ಅಮೆರಿಕದ ಮಾನವಶಾಸ್ತ್ರಜ್ಞ ಪೀಟರ್ ಜೆ. ಕ್ಲಾಸ್ 1975ರಷ್ಟು ಹಿಂದೆಯೇ ಈ ಆಚರಣೆಯ ಬಗ್ಗೆ ಬರೆದು, ಪಾಡ್ದನದ ಕೌಟುಂಬಿಕ ಬಿಕ್ಕಟ್ಟಿಗೂ ಬಂದ ಹೆಂಗಸರ ಬಾಳಿನ ಬಿಕ್ಕಟ್ಟಿಗೂ ಇರುವ ನಂಟನ್ನು ಹೊರಜಗತ್ತಿಗೆ ತೋರಿಸಿದರು. ಹೊಂಕೊ ಬಂದದ್ದು ಆಮೇಲೆ. ವಿದ್ವಾಂಸರು ಯಾವ ಹೆಸರನ್ನೇ ಕೊಡಲಿ, ಕಣ್ಣಿಗೆ ಕಾಣುವ ಸಂಗತಿ ಇಷ್ಟು: ತನ್ನ ಮಾತಿನಲ್ಲಿ ಹೇಳಲಾಗದ್ದನ್ನು ಅವಳು ಸಿರಿಯ ಮಾತಿನಲ್ಲಿ ಹೇಳುತ್ತಾಳೆ. ಹೇಳುವಾಗ ಅವಳು ಒಂಟಿಯಾಗಿರುವುದಿಲ್ಲ.

ಇದೇ ನಂದಳಿಕೆ ಇನ್ನೊಂದು ಬಗೆಯ ಸಂಕಟಕ್ಕೂ ಸಾಕ್ಷಿ. ಕವಿ ಮುದ್ದಣ, ನಂದಳಿಕೆ ಲಕ್ಷ್ಮೀನಾರಣಪ್ಪ, 1870ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ. ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಾ, ಬಡತನ ಮತ್ತು ಕ್ಷಯರೋಗಗಳ ನಡುವೆ ಬರೆದ ಅವರು ತಮ್ಮ ಕೃತಿಗಳನ್ನು ಯಾರೋ ಹಳೆಯ ಕವಿಯದೆಂದು ಹೇಳಿ ಮೈಸೂರಿಗೆ ಅಚ್ಚಿಗೆ ಕಳಿಸಿದರು. 1901ರಲ್ಲಿ, ಮೂವತ್ತೊಂದರ ಪ್ರಾಯದಲ್ಲಿ ತೀರಿಕೊಂಡರು. ‘ಶ್ರೀರಾಮಾಶ್ವಮೇಧ’ದ ಮುದ್ದಣ–ಮನೋರಮೆಯರ ಸಲ್ಲಾಪವನ್ನು ಓದಿ ನಗುವ ನಾವು ಆ ನಗುವಿನ ಹಿಂದೆ ಹೆಸರನ್ನೂ ಹೇಳಿಕೊಳ್ಳಲಾರದ ಒಬ್ಬ ಮನುಷ್ಯನಿದ್ದನೆಂದು ನೆನೆಯುವುದು ಕಡಿಮೆ. ಓದುಬರಹ ಬಲ್ಲವನ ಸಂಕಟಕ್ಕೆ ಸಭೆ ಸಿಗಲಿಲ್ಲ. ಅದೇ ಊರಿನ ಆಲಡೆಯಲ್ಲಿ ಅಕ್ಷರ ಬಾರದ ಹೆಂಗಸಿನ ಸಂಕಟಕ್ಕೆ ಸಿಕ್ಕಿತು. ಓದಿದವರ ಮನೆಗಳಲ್ಲಿ ಇಂದಿಗೂ ಪರಿಸ್ಥಿತಿ ಬಹಳ ಬದಲಾಗಿಲ್ಲ ಎಂಬ ಕಾರಣಕ್ಕೆ ಈ ಮಾತು ಹೇಳಿದೆ.

ನಾಲ್ಕು: ಕೋಟದ ಮನೆಗಳು, ಮಣಿಪಾಲದ ಕೊಠಡಿಗಳು

ಆಧುನಿಕ ವೈದ್ಯ ಈ ನೆಲಕ್ಕೆ ಬಂದು ಮನಸ್ಸಿನ ನೋವನ್ನು ಕೇಳಿದ ಒಂದು ದೊಡ್ಡ ಪ್ರಯತ್ನವನ್ನು ಉಡುಪಿಯ ಜನ ಹೆಮ್ಮೆಯಿಂದ ನೆನೆಯಬೇಕು. ಮನೋವೈದ್ಯರಾದ ಮಾರಿಸ್ ಕಾರ್‌ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಶಿವರಾಮ ಕಾರಂತರ ಹುಟ್ಟೂರಾದ ಕೋಟದಲ್ಲಿ ಮನೆಮನೆಗೆ ಹೋಗಿ ಅಧ್ಯಯನ ನಡೆಸಿದರು. ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ನಡುವೆ ಹೋಲಿಕೆ ಮಾಡಿದರು. ಅಳಿಯಕಟ್ಟು, ಮಕ್ಕಳಕಟ್ಟು, ಬದಲಾಗುತ್ತಿದ್ದ ಕುಟುಂಬ, ಇವುಗಳ ನಡುವೆ ಒತ್ತಡ ಮತ್ತು ಮನೋವ್ಯಾಧಿಯ ಸಂಬಂಧವನ್ನು ಹುಡುಕಿದರು. 1976ರಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರು ‘ದ ಗ್ರೇಟ್ ಯೂನಿವರ್ಸ್ ಆಫ್ ಕೋಟ’. ಒಂದು ಹಳ್ಳಿಯ ಮನಸ್ಸನ್ನು ವಿಶ್ವವೆಂದು ಕರೆದ ಆ ಗೌರವ ದೊಡ್ಡದು.

ಅವರ ಕೆಲಸದಲ್ಲಿ ನನಗೆ ಮುಖ್ಯವಾಗಿ ಕಾಣುವವು ಎರಡು. ಮೊದಲನೆಯದು ಪ್ರಶ್ನಾವಳಿ. ಲಂಡನ್ನಿನಲ್ಲಿ ಸಿದ್ಧವಾದ ಪ್ರಶ್ನೆಗಳನ್ನು ಹಾಗೇ ತಂದು ಕೇಳದೆ, ಭಾರತದ ಜನರಿಗೆ ಹೊಂದುವ ಸಂದರ್ಶನ ಕ್ರಮವನ್ನು ಅವರು ರೂಪಿಸಿದರು. ಆರ್. ಎಲ್. ಕಪೂರ್, ಮಾಳವಿಕಾ ಕಪೂರ್, ಕಾರ್‌ಸ್ಟೇರ್ಸ್ ಮೂವರ ಹೆಸರಿನಲ್ಲಿ ಅದು 1974ರಲ್ಲಿ ಹೊರಬಂತು. ಮೈಮೇಲೆ ಬರುವುದನ್ನೂ ಮೈನೋವಿನ ರೂಪದಲ್ಲಿ ಬರುವ ಮನೋವ್ಯಥೆಯನ್ನೂ ಕೇಳದೆ ಇಲ್ಲಿನ ಮನಸ್ಸು ತಿಳಿಯದು ಎಂಬ ಅರಿವು ಆ ಕೆಲಸದ ಹಿಂದಿತ್ತು. ಎರಡನೆಯದು, ನಾಟಿ ವೈದ್ಯ, ಮಂತ್ರವಾದಿ, ಪಾತ್ರಿ ಈ ಮೂವರ ಬಳಿಗೂ ಜನ ಹೋಗುತ್ತಾರೆ, ಡಾಕ್ಟರ ಬಳಿಗೂ ಹೋಗುತ್ತಾರೆ ಎಂಬುದನ್ನು ಹಗುರ ಮಾಡದೆ ದಾಖಲಿಸಿದ್ದು. ಜನರಿಗೆ ಅದರಲ್ಲಿ ವಿರೋಧ ಕಾಣುವುದಿಲ್ಲ. ಯಾರು ಕೇಳುತ್ತಾರೋ ಅವರ ಬಳಿ ಹೋಗುತ್ತಾರೆ.

ವೈದ್ಯಶಾಸ್ತ್ರವೂ ಈ ವಿಷಯದಲ್ಲಿ ಎಚ್ಚರ ಕಲಿತಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹತ್ತನೆಯ ಆವೃತ್ತಿ ಮೈಮೇಲೆ ಬರುವ ಸ್ಥಿತಿಗಳನ್ನು ಪಟ್ಟಿಗೆ ಸೇರಿಸಿತು. ಜತೆಗೇ ಒಂದು ಗೆರೆ ಎಳೆಯಿತು: ಆ ವ್ಯಕ್ತಿಗೆ ಬೇಡವಾದರೂ ತಡೆಯಲಾಗದಂತೆ ಬರುವ, ಧಾರ್ಮಿಕ ಆಚರಣೆಯ ಚೌಕಟ್ಟಿನ ಹೊರಗೆ ದಿನನಿತ್ಯದ ಬದುಕನ್ನು ಕೆಡಿಸುವ ಸ್ಥಿತಿಯನ್ನು ಮಾತ್ರ ಕಾಯಿಲೆ ಎನ್ನಬೇಕು. ಹುಣ್ಣಿಮೆಯ ರಾತ್ರಿ ಸಾಲಿನಲ್ಲಿ ಕೂತು ದರ್ಶನಕ್ಕೆ ಬರುವ ಹೆಂಗಸು ರೋಗಿಯಲ್ಲ. ಸಿರಿಜಾತ್ರೆಯನ್ನು ಮೂಢನಂಬಿಕೆಯೆಂದು ತಳ್ಳುವವರು ಈ ಗೆರೆಯನ್ನು ಗಮನಿಸಬೇಕು.

ಹಾಗೆಂದು ಸಿರಿಜಾತ್ರೆಯೇ ಮದ್ದು ಎಂದು ನಾನು ಹೇಳುತ್ತಿಲ್ಲ. ತೀವ್ರ ಖಿನ್ನತೆ, ಬೈಪೋಲಾರ್, ಸ್ಕಿಜೋಫ್ರೇನಿಯ ಇವಕ್ಕೆ ಔಷಧ ಬೇಕು, ತಜ್ಞರು ಬೇಕು. ತಡಮಾಡಿದರೆ ಜೀವಕ್ಕೆ ಅಪಾಯ. ಹೆರಿಗೆಯಾದ ಕೆಲವು ವಾರಗಳಲ್ಲಿ ತಾಯಿಯ ನಡವಳಿಕೆ ಬದಲಾದರೆ ಮುಂದಿನ ಹುಣ್ಣಿಮೆಗೆ ಕಾಯಬಾರದು. ಈ ಸೌಲಭ್ಯ ನಮ್ಮಿಂದ ದೂರವೂ ಇಲ್ಲ. 1953ರಲ್ಲಿ ಡಾ. ಟಿ. ಎಂ. ಎ. ಪೈ ಮಣಿಪಾಲದಲ್ಲಿ ಕಟ್ಟಿದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ಮನೋರೋಗ ವಿಭಾಗವಿದೆ. ಉಡುಪಿಯ ದೊಡ್ಡಣಗುಡ್ಡೆಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಮನೋಚಿಕಿತ್ಸೆಗೆ ಹೆಸರಾಗಿದೆ. ಹಳ್ಳಿಯ ಆರೋಗ್ಯ ಕೇಂದ್ರಕ್ಕೇ ಮನೋಚಿಕಿತ್ಸೆಯನ್ನು ಒಯ್ಯಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದೇ ಇಂದು ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ.

ಕಷ್ಟ ಇರುವುದು ಆಸ್ಪತ್ರೆಯ ಬಾಗಿಲಿನಿಂದ ಡಾಕ್ಟರ ಮೇಜಿನವರೆಗಿನ ದಾರಿಯಲ್ಲಿ. ಕಾಪುವಿನ ಮೀನುಗಾರರ ಮನೆಯ ಹಿರಿಯ ಹೆಂಗಸು ಬಂದು ಖಿನ್ನತೆ ಎಂದು ಹೇಳುವುದಿಲ್ಲ. ಮಂಡೆಗೆ ಹೋಗ್ತದೆ ಎನ್ನುತ್ತಾಳೆ, ಹೊಟ್ಟೆಯಲ್ಲಿ ಎಂತದೋ ಆಗ್ತದೆ ಎನ್ನುತ್ತಾಳೆ, ಮೈಯೆಲ್ಲ ಉರಿ ಎನ್ನುತ್ತಾಳೆ. ಎದುರಿಗೆ ಕುಳಿತ ಯುವ ವೈದ್ಯರು ದೆಹಲಿಯವರೋ ಕೇರಳದವರೋ ಆಗಿರಬಹುದು. ಹೊಟ್ಟೆಯ ಪರೀಕ್ಷೆಗೆ ಚೀಟಿ ಬರೆದರೆ ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಏನೂ ಇಲ್ಲವಂತೆ ಎಂದು ಮನೆಯವರು ಕರೆದುಕೊಂಡು ಹೋಗುತ್ತಾರೆ. ಇದ್ದದ್ದು ಅವಳ ಮಾತಿನಲ್ಲೇ ಇತ್ತು. ಆ ಮಾತನ್ನು ಹಿಡಿಯಬಲ್ಲ ಕಿವಿ ಇರಲಿಲ್ಲ.

ಐದು: ಕೇಳುವುದನ್ನು ಕಲಿಯೋಣ

ಕಾರಂತರ ‘ಅಳಿದ ಮೇಲೆ’ ಕಾದಂಬರಿಯಲ್ಲಿ ಯಶವಂತರಾಯರ ಬಾಳಿನ ಒಳಗನ್ನು ನಿರೂಪಕ ತಿಳಿಯುವುದು ಅವರು ಸತ್ತ ಬಳಿಕ. ಅವರು ಬಿಟ್ಟುಹೋದ ಕಾಗದಪತ್ರ ಹಿಡಿದು, ಅವರ ಊರಿಗೂ ನೆಂಟರ ಮನೆಗಳಿಗೂ ಅಲೆದು, ಆ ಮನುಷ್ಯ ಎಷ್ಟು ನೊಂದಿದ್ದನೆಂದು ಅರಿಯುತ್ತಾನೆ. ನಮ್ಮ ಬಹಳಷ್ಟು ಮನೆಗಳಲ್ಲಿ ಹೀಗೇ ಆಗುತ್ತಿದೆ. ಅಳಿದ ಮೇಲೆ ನಾವು ಕೇಳತೊಡಗುತ್ತೇವೆ.

ಜಿಲ್ಲೆಯ ಬದುಕು ಈಗ ಕೋಟದ ಅಧ್ಯಯನ ನಡೆದ ಕಾಲದ್ದಲ್ಲ. ಮಕ್ಕಳು ಬೆಂಗಳೂರು, ಮುಂಬಯಿ, ದುಬಾಯಿಯಲ್ಲಿದ್ದಾರೆ. ಒಂದು ಕಾಲಕ್ಕೆ ತುಂಬಿದ್ದ ತರವಾಡು ಮನೆಯಲ್ಲಿ ವಯಸ್ಸಾದ ಇಬ್ಬರು, ಕೆಲವೆಡೆ ಒಬ್ಬರೇ ಉಳಿದಿದ್ದಾರೆ. ಮಣಿಪಾಲದ ಹಾಸ್ಟೆಲುಗಳಲ್ಲಿ ದೇಶದ ಮೂಲೆಮೂಲೆಯ ಹದಿನೆಂಟರ ಪ್ರಾಯದ ಮಕ್ಕಳು ಅಂಕ, ಸಾಲ, ಹೋಲಿಕೆಗಳ ಸ್ಪರ್ಧೆಯಲ್ಲಿ ಒಬ್ಬೊಬ್ಬರೇ ಸೆಣಸುತ್ತಿದ್ದಾರೆ. ಅಗೋನ್ ಎಂಬ ಪದದ ಎರಡು ಅರ್ಥಗಳು, ಪಂದ್ಯ ಮತ್ತು ಸಂಕಟ, ಈ ಮಕ್ಕಳ ಕೊಠಡಿಯಲ್ಲಿ ಕೂಡಿವೆ. ಸಭೆ ಎಂಬ ಮೂರನೆಯ ಅರ್ಥವನ್ನು ನಾವು ಅವರಿಗೆ ಕೊಡಿಸಬೇಕಾಗಿದೆ.

ಹಾಗಾದರೆ ಮಾಡಬೇಕಾದದ್ದೇನು? ಭಾಷೆಯ ಮೇಷ್ಟ್ರಾಗಿ ನನಗೆ ಕಂಡದ್ದನ್ನು ಹೇಳುತ್ತೇನೆ.

ಮೊದಲನೆಯದು ವೈದ್ಯಕೀಯ ಮತ್ತು ಶುಶ್ರೂಷಾ ಶಿಕ್ಷಣದವರಿಗೆ. ಹೊರಗಿನಿಂದ ಬಂದ ವಿದ್ಯಾರ್ಥಿಗಳಿಗೆ ಕನ್ನಡ ಕಲಿಸುವಾಗ ಊಟ ಆಯ್ತಾ, ಎಲ್ಲಿ ನೋವು ಎಂಬಷ್ಟಕ್ಕೆ ನಿಲ್ಲಿಸಬೇಡಿ. ಮಂಡೆಬೆಚ್ಚ, ಬೇಜಾರು, ತಳಮಳ, ಸಂಕಡ, ಉರಿ, ಎದೆ ಭಾರ, ಯಾವುದೂ ಬೇಡ ಅನಿಸ್ತದೆ ಎಂಬ ಮಾತುಗಳನ್ನೂ ಅವುಗಳ ಹಿಂದಿರಬಹುದಾದ ನೋವನ್ನೂ ಕಲಿಸಿ. ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡಗಳಿಂದ ಇಂಥ ಮಾತುಗಳನ್ನು ಕಲೆಹಾಕಿ ವೈದ್ಯರ ಕೈಗೊಂದು ಪುಟ್ಟ ಪದಕೋಶ ಕೊಡುವ ಕೆಲಸವನ್ನು ಆರು ಸಂಪುಟಗಳ ನಿಘಂಟು ಕಟ್ಟಿದ ಈ ಊರು ಖಂಡಿತ ಮಾಡಬಲ್ಲದು. ಭಾಷಾವಿಭಾಗದವರೂ ಮನೋರೋಗ ವಿಭಾಗದವರೂ ಒಟ್ಟಿಗೆ ಕೂತರೆ ಸಾಕು.

ಎರಡನೆಯದು ಆಲಡೆಗಳ ಆಡಳಿತದವರಿಗೆ. ಪಾಂಗಾಳವಿರಲಿ, ನಂದಳಿಕೆಯಿರಲಿ, ಜಾತ್ರೆ ದೊಡ್ಡದಾದಷ್ಟೂ ದೀಪ, ಸದ್ದು, ಕ್ಯಾಮೆರಾಗಳು ಹೆಚ್ಚುತ್ತಿವೆ. ದರ್ಶನದಲ್ಲಿರುವ ಹೆಂಗಸಿನ ಮುಖವನ್ನು ಮೊಬೈಲಿನಲ್ಲಿ ಹಿಡಿದು ಊರೆಲ್ಲ ಹಂಚುವುದು ಅವಳ ಸಭೆಯನ್ನು ಕಸಿದುಕೊಂಡಂತೆ. ಅಲ್ಲಿ ಸೇರಿದವರು ಅವಳ ಮಾತಿಗೆ ಸಾಕ್ಷಿಯಾಗಬೇಕಾದವರು, ಮೋಜು ನೋಡಬೇಕಾದವರಲ್ಲ. ಸಾಲಿನ ಬಳಿ ಚಿತ್ರೀಕರಣವನ್ನು ನಿಲ್ಲಿಸಿ. ಆಸ್ಪತ್ರೆಗೂ ಹೋಗಬೇಕಾದವಳು ಎಂದು ಹಿರಿ ಹೆಂಗಸರಿಗೆ ಅನಿಸಿದರೆ ಮನೆಯವರಿಗೆ ಹಾಗೆಂದು ಹೇಳುವ ಧೈರ್ಯ ಮಾಡಿ. ನಿಮ್ಮ ಮಾತಿಗೆ ನಮ್ಮೆಲ್ಲರ ಭಾಷಣಕ್ಕಿಂತ ತೂಕ ಹೆಚ್ಚು.

ಮೂರನೆಯದು ಇಲ್ಲಿ ಕುಳಿತ ನಮ್ಮೆಲ್ಲರಿಗೆ. ಮನೆಯಲ್ಲಿ ಯಾರಾದರೂ ಮಾತು ಕಡಿಮೆ ಮಾಡಿದರೆ, ಊಟ ಬಿಟ್ಟರೆ, ಇನ್ನು ಸಾಕು ಎಂಬ ಅರ್ಥದ ಮಾತಾಡಿದರೆ ‘ಮಂಡೆಬೆಚ್ಚ ಮಾಡ್ಬೇಡ’ ಎಂದು ಎದ್ದುಹೋಗಬೇಡಿ. ಕುಮಾರನಂತೆ ಒಂದಲ್ಲ ಎರಡಲ್ಲ, ಉತ್ತರ ಬರುವವರೆಗೆ ಕೇಳಿ. ಎಂತಾಯ್ತು ಹೇಳು, ನಾನಿದ್ದೇನೆ ಎನ್ನಿ. ಗಂಡಸರು ಅಳಬಾರದೆಂಬ ಹಟವನ್ನು ಗಂಡುಮಕ್ಕಳ ಮೇಲೆ ಹೊರಿಸಬೇಡಿ; ಸಿರಿಯ ಸಾಲಿನಂಥ ಸಾಲೂ ಅವರಿಗಿಲ್ಲ. ಬದುಕು ಬೇಡವೆನಿಸಿ ಜೀವ ಕಳೆದುಕೊಳ್ಳಲು ಹೋಗಿ ಉಳಿದವರನ್ನು ತಪ್ಪಿತಸ್ಥರಂತೆ ಕಾಣಬೇಡಿ. ಅವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷೆಯ ಬದಲು ಆರೈಕೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ.

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿಗೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಇದನ್ನು ನಿಮ್ಮ ಫೋನಿನಲ್ಲಿ ಈಗಲೇ ಬರೆದಿಟ್ಟುಕೊಳ್ಳಿ. ನಿಮಗೆ ಬೇಕಾಗದಿರಬಹುದು, ನಿಮ್ಮ ಪಕ್ಕದವರಿಗೆ ಬೇಕಾದೀತು. ಈ ದತ್ತಿಯ ಹೆಸರಿನಲ್ಲಿ ಇಲ್ಲಿ ಸೇರಿದ ಪ್ರತಿಯೊಬ್ಬರೂ ಈ ವಾರ ಒಬ್ಬರ ಮಾತನ್ನಾದರೂ ನಡುವೆ ಬಾಯಿಹಾಕದೆ ಕೊನೆಯವರೆಗೆ ಕೇಳಬೇಕೆಂದು ಕೈಮುಗಿದು ವಿನಂತಿಸುತ್ತೇನೆ.